ಆಂಗ್ಲ ಪದಶೋಧನೆಯ ಕ್ರಮ

ಐದು ಅಕ್ಷರಗಳ ಒಂದು ಆಂಗ್ಲ ಪದ. ಅದರ ಮೂರನೆಯ ಅಕ್ಷರ ‘ಎ’, ಕೊನೆಯದು ‘ಇ’. ಉಳಿದ ಮೂರು ಸ್ಥಾನಗಳಲ್ಲಿ ಎಲ್ಲಿಯಾದರೂ ‘ಎಸ್’ ಮತ್ತು ‘ಟಿ’ ಇರಲೇಬೇಕು. ಆ ಪದ ಯಾವುದು? ಇಂತಹ ಪ್ರಶ್ನೆಯನ್ನು ಕೇಳಿದೊಡನೆ ವಿದ್ಯಾರ್ಥಿಯು ನೆನಪಿನ ಉಗ್ರಾಣವನ್ನೆಲ್ಲ ತಡಕಾಡುತ್ತಾನೆ; ದೊರೆಯದಿದ್ದರೆ ಆಂಗ್ಲಭಾಷೆ ತನಗೆ ಒಲಿಯಲಿಲ್ಲವೆಂದು ಕೈಚೆಲ್ಲುತ್ತಾನೆ. ಆದರೆ ಪದಶೋಧನೆ ಕೇವಲ ಸ್ಮರಣಶಕ್ತಿಯ ಪರೀಕ್ಷೆಯಲ್ಲ. ಅದಕ್ಕೆ ಒಂದು ಕ್ರಮವುಂಟು. ಕ್ರಮವಿದ್ದಲ್ಲಿ ಕಲಿಕೆಯೂ ಸಾಧ್ಯ.

ಈ ಬಗೆಯ ವಿನೋದಕ್ಕೆ ಒಂದು ಶತಮಾನಕ್ಕೂ ಮೀರಿದ ಇತಿಹಾಸವಿದೆ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ರಚಿಸಿದ ವಜ್ರಾಕೃತಿಯ ಪದಬಂಧವು ಪ್ರಕಟವಾಯಿತು. ಆಧುನಿಕ ಪದಬಂಧದ ಮೂಲವೆಂದು ಅದನ್ನೇ ಗಣಿಸುತ್ತಾರೆ. 2021ರಲ್ಲಿ ಜಾಶ್ ವಾರ್ಡಲ್ ಎಂಬವರು ಲೋಕದ ಮುಂದಿಟ್ಟ ‘ವರ್ಡಲ್’ ಎಂಬ ಆಟದಲ್ಲಿ ಐದಕ್ಷರದ ಪದವನ್ನು ಆರು ಪ್ರಯತ್ನಗಳೊಳಗೆ ಕಂಡುಹಿಡಿಯಬೇಕು. ಕಾಲ ಬದಲಾದರೂ ಬುದ್ಧಿಗೆ ಒಡ್ಡಿದ ಸವಾಲು ಒಂದೇ.

ಕನ್ನಡದ ಮಕ್ಕಳಿಗೆ ಇಲ್ಲಿ ಮೊದಲು ಎದುರಾಗುವ ತೊಡಕೆಂದರೆ ಅಕ್ಷರದ ಪರಿಕಲ್ಪನೆಯೇ ಬೇರೆಯಾಗಿರುವುದು. ಕನ್ನಡದಲ್ಲಿ ‘ಶಾಸ್ತ್ರ’ ಎಂಬುದು ಎರಡೇ ಅಕ್ಷರಗಳ ಪದ. ಸ್ವರವ್ಯಂಜನಗಳು ಕೂಡಿಯೇ ಒಂದು ಅಕ್ಷರವಾಗುತ್ತದೆ. ಆಂಗ್ಲದಲ್ಲಾದರೋ ಪ್ರತಿಯೊಂದು ಲಿಪಿಚಿಹ್ನೆಯೂ ಪ್ರತ್ಯೇಕವಾಗಿ ಎಣಿಕೆಗೆ ಬರುತ್ತದೆ, ಉಚ್ಚಾರಣೆಯಿಲ್ಲದ ಚಿಹ್ನೆಯೂ ಸಹ. ‘ನೈಟ್’ ಎಂದು ಉಚ್ಚರಿಸುವ ಎರಡು ಪದಗಳಲ್ಲಿ ಇರುಳೆಂಬ ಅರ್ಥದ್ದು ಐದಕ್ಷರದ್ದು. ಅಶ್ವಾರೋಹಿ ವೀರನೆಂಬ ಅರ್ಥದ್ದು ಮೊದಲಲ್ಲಿ ಮೌನವಾದ ‘ಕೆ’ಯನ್ನು ಹೊತ್ತು ಆರಕ್ಷರದ್ದಾಗುತ್ತದೆ. ಆದುದರಿಂದ ಕಿವಿಯನ್ನು ನಂಬದೆ ಬರಹದ ರೂಪವನ್ನೇ ಹಿಡಿದು ಹುಡುಕಬೇಕು.

ಇನ್ನು ಪ್ರಾರಂಭದ ಪ್ರಶ್ನೆಗೆ ಬರಬಹುದು. ಇಪ್ಪತ್ತಾರು ಅಕ್ಷರಗಳನ್ನು ಐದು ಸ್ಥಾನಗಳಲ್ಲಿ ಮನಬಂದಂತೆ ಇಟ್ಟರೆ 1,18,81,376 ವಿನ್ಯಾಸಗಳಾಗುತ್ತವೆ. ಮೂರನೆಯ ಮತ್ತು ಐದನೆಯ ಸ್ಥಾನಗಳು ನಿಶ್ಚಿತವಾದೊಡನೆ ಆ ರಾಶಿ 17,576ಕ್ಕೆ ಇಳಿಯುತ್ತದೆ. ‘ಎಸ್’ ಮತ್ತು ‘ಟಿ’ ಎರಡೂ ಇರಬೇಕೆಂಬ ನಿಯಮವನ್ನು ಸೇರಿಸಿದರೆ ಉಳಿಯುವುದು ಕೇವಲ 150. ನಿಘಂಟನ್ನು ಇನ್ನೂ ತೆರೆದೇ ಇಲ್ಲ ಎಂಬುದನ್ನು ಗಮನಿಸಬೇಕು.

ಖಾಲಿಯಿರುವ ಮೂರು ಸ್ಥಾನಗಳಲ್ಲಿ ಆ ಎರಡು ಅಕ್ಷರಗಳು ಕೂರುವ ಬಗೆಗಳು ಆರು. ಛಂದಶ್ಶಾಸ್ತ್ರದಲ್ಲಿ ಮೂರು ಸ್ಥಾನಗಳಿಗೆ ಗುರುಲಘುಗಳನ್ನು ಪ್ರಸ್ತರಿಸಿ ಎಂಟು ಗಣಗಳನ್ನು ಪಡೆಯುವುದನ್ನು ಬಲ್ಲವರಿಗೆ ಈ ಕ್ರಮ ಹೊಸದೇನಲ್ಲ. ಆರು ಬಗೆಗಳನ್ನೂ ಬರೆದು ನೋಡಿದರೆ, ‘ಟಿ-ಎಸ್’ ಎಂದು ಆರಂಭವಾಗುವುದು ಆಂಗ್ಲದ ಜಾಯಮಾನಕ್ಕೆ ಒಗ್ಗುವುದಿಲ್ಲ. ಮೊದಲ ಸ್ಥಾನವನ್ನು ಬೇರೊಂದು ಅಕ್ಷರಕ್ಕೆ ಬಿಟ್ಟುಕೊಡುವ ಎರಡು ಬಗೆಗಳಲ್ಲಿಯೂ ಬಳಕೆಯ ಪದ ದೊರೆಯದು. ಉಳಿದವು ಮೂರೇ. ‘ಎಸ್-ಟಿ-ಎ’ ಎಂದು ಆರಂಭವಾಗುವಲ್ಲಿ ನಾಲ್ಕನೆಯ ಸ್ಥಾನಕ್ಕೆ ಜಿ, ಕೆ, ಎಲ್, ಆರ್, ಟಿ, ವಿ ಎಂಬವನ್ನು ಇಟ್ಟರೆ ಕ್ರಮವಾಗಿ ಸ್ಟೇಜ್, ಸ್ಟೇಕ್, ಸ್ಟೇಲ್, ಸ್ಟೇರ್, ಸ್ಟೇಟ್, ಸ್ಟೇವ್ ಎಂಬ ಆರು ಪದಗಳು ದೊರೆಯುತ್ತವೆ. ‘ಎಸ್’ ಮೊದಲಲ್ಲಿ, ‘ಟಿ’ ನಾಲ್ಕನೆಯದಾದರೆ ಸ್ಕೇಟ್, ಸ್ಲೇಟ್, ಸ್ಪೇಟ್ ಎಂಬ ಮೂರು. ‘ಟಿ’ ಮೊದಲಾಗಿ ‘ಎಸ್’ ನಾಲ್ಕನೆಯದಾದರೆ ಟೀಸ್ ಎಂಬುದೊಂದು. ಕೋಟಿಗೂ ಮಿಕ್ಕಿದ ವಿನ್ಯಾಸಗಳಿಂದ ಪರಿಚಿತವಾದ ಹತ್ತು ಪದಗಳಿಗೆ ಬಂದು ನಿಂತಂತಾಯಿತು.

ಅಕ್ಷರಗಳ ಬಳಕೆಯ ಪ್ರಮಾಣವೂ ಶೋಧಕನಿಗೆ ದಾರಿದೀಪ. ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ ವೃತ್ತಪತ್ರಿಕೆಗಳ ಅಕ್ಷರಗಳನ್ನೆಣಿಸಿ ತಮ್ಮ ಪದಕ್ರೀಡೆಯನ್ನು ರೂಪಿಸಿದರು. ಮುಂದೆ ‘ಸ್ಕ್ರ್ಯಾಬಲ್’ ಎಂದು ಹೆಸರಾದ ಆ ಆಟದ ನೂರು ಬಿಲ್ಲೆಗಳಲ್ಲಿ ‘ಇ’ ಹನ್ನೆರಡು ಬಾರಿ ಬರುತ್ತದೆ. ‘ಕ್ಯೂ’ ಮತ್ತು ‘ಜೆಡ್’ ಒಂದೊಂದೇ ಬಾರಿ. ‘ಇ’ಯನ್ನು ಮೊದಲು ಪರೀಕ್ಷಿಸುವುದು ಜಾಣತನವೆಂಬುದಕ್ಕೆ ಇದೇ ನಿದರ್ಶನ.

ಇದು ಬರಿಯ ಮಕ್ಕಳಾಟವೆಂದು ಭಾವಿಸುವವರು ದ್ವಿತೀಯ ಮಹಾಯುದ್ಧವನ್ನು ನೆನೆಯಬೇಕು. 1942ರ ಜನವರಿಯಲ್ಲಿ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯು ಪದಬಂಧವನ್ನು ಹನ್ನೆರಡು ನಿಮಿಷಗಳಲ್ಲಿ ಬಿಡಿಸುವ ಸ್ಪರ್ಧೆಯನ್ನು ಏರ್ಪಡಿಸಿತ್ತು. ಅದರಲ್ಲಿ ಭಾಗವಹಿಸಿದ ಕೆಲವರಿಗೆ ಬಳಿಕ ಬ್ಲೆಚ್ಲಿ ಪಾರ್ಕಿನ ಗೂಢಲಿಪಿಭೇದನ ಕಾರ್ಯಕ್ಕೆ ಕರೆ ಬಂತು. ಜರ್ಮನರ ‘ಎನಿಗ್ಮಾ’ ಯಂತ್ರದಲ್ಲಿ ಯಾವ ಅಕ್ಷರವೂ ತನಗೆ ತಾನೇ ಸಂಕೇತವಾಗುತ್ತಿರಲಿಲ್ಲ. ಊಹಿಸಿದ ಪದವನ್ನು ಗೂಢಲಿಪಿಯ ಕೆಳಗಿಟ್ಟಾಗ ಒಂದೇ ಒಂದು ಅಕ್ಷರ ಅದೇ ಸ್ಥಾನದಲ್ಲಿ ಕೂಡಿಬಂದರೂ ಆ ಊಹೆ ಅಲ್ಲಿ ಸಲ್ಲದೆಂದು ಶೋಧಕರು ಕೂಡಲೇ ತಳ್ಳಿಹಾಕುತ್ತಿದ್ದರು. ‘ಇಲ್ಲಿ ಇದು ಇರಲಾರದು’ ಎಂಬುದೂ ಒಂದು ಜ್ಞಾನವೇ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅಧ್ಯಾಪಕರಿಗೆ ಇದರಿಂದ ದೊರೆಯುವ ತಾತ್ಪರ್ಯವಿಷ್ಟೆ. ಪದ ಹೊಳೆಯದೆ ತಲೆತಗ್ಗಿಸಿ ನಿಂತ ಮಗುವನ್ನು ದಡ್ಡನೆಂದು ಕರೆಯುವ ಮೊದಲು ‘ಯಾವುದು ಗೊತ್ತಿದೆ? ಯಾವುದು ಇರಲಾರದು?’ ಎಂದು ಕೇಳಬೇಕು. ಆ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯತೊಡಗಿದ ಮಗುವಿಗೆ ಖಾಲಿ ಚೌಕಗಳು ಭಯವನ್ನು ಹುಟ್ಟಿಸುವುದಿಲ್ಲ. ಕಂಠಪಾಠದಿಂದ ಬಂದ ಪದ ಮರೆತುಹೋಗಬಹುದು. ಹುಡುಕುವ ಕ್ರಮವನ್ನು ಕಲಿತವನಿಗೆ ಮರೆತ ಪದವೂ ಮರಳಿ ದೊರೆಯುತ್ತದೆ.