ಕಾಲಿನ ಬೈಪಾಸ್ ಮುಚ್ಚಿಹೋದರೆ ಮುಂದೇನು?

ಹೃದಯದ ಬೈಪಾಸ್ ನಮಗೆಲ್ಲ ಪರಿಚಿತ. ಕಾಲಿಗೂ ಅಂಥದೇ ಶಸ್ತ್ರಚಿಕಿತ್ಸೆಯಿದೆಯೆಂಬುದು ಅನೇಕ ಸದ್ಭಕ್ತರಿಗೆ ತಿಳಿದಿರಲಾರದು. ಮಧುಮೇಹ, ತಂಬಾಕು, ಅಧಿಕ ರಕ್ತದೊತ್ತಡಗಳಿಂದ ಕಾಲಿನ ಅಪಧಮನಿಯಲ್ಲಿ ಕೊಬ್ಬು ಕಟ್ಟಿ ದಾರಿ ಮುಚ್ಚಿದಾಗ, ರೋಗಿಯದೇ ಅಭಿಧಮನಿಯನ್ನಾಗಲಿ ಕೃತಕ ನಾಳವನ್ನಾಗಲಿ ಜೋಡಿಸಿ ರಕ್ತಕ್ಕೆ ಬಳಸುದಾರಿ ಕಲ್ಪಿಸುತ್ತಾರೆ. ತೊಡೆಯಿಂದ ಕೆಳಗಿನ ಕಾಲಿಗೆ ಅಭಿಧಮನಿಯಿಂದ ಇಂಥ ದಾರಿಯನ್ನು ಪ್ಯಾರಿಸ್ಸಿನಲ್ಲಿ ಜ್ಯಾಂ ಕುನ್ಲಿನ್ ಅವರು 1948ರಲ್ಲಿ ನಿರ್ಮಿಸಿದರು.

ಈ ದಾರಿಯೂ ಮುಚ್ಚಬಹುದು. ಮೊದಲ ತಿಂಗಳಲ್ಲಿ ಮುಚ್ಚಿದರೆ ಜೋಡಣೆಯ ಅಥವಾ ಬಳಸಿದ ನಾಳದ ದೋಷ, ಎರಡು ವರ್ಷಗಳೊಳಗಾದರೆ ನಾಳದ ಒಳಪದರ ದಪ್ಪಗಾಗುವುದು, ಅನಂತರವಾದರೆ ಮೂಲರೋಗವೇ ಬೆಳೆಯುವುದು ಸಾಮಾನ್ಯ ಕಾರಣಗಳು.

ಹಾಗಾದಾಗ ಕಾಲು ಹೋಯಿತೆಂದು ನಾವು ಎದೆಗುಂದಬೇಕಿಲ್ಲ. ಹೊಸ ಹೆಪ್ಪನ್ನು ಸಣ್ಣ ಕೊಳವೆಯ ಮೂಲಕ ಔಷಧಿ ಹರಿಸಿ ಕರಗಿಸಬಹುದು; 1963ರಲ್ಲಿ ಥಾಮಸ್ ಫೋಗರ್ಟಿ ಅವರು ಪ್ರಕಟಿಸಿದ ಬಲೂನು ಕೊಳವೆಯ ವಿಧಾನದಿಂದ ಹೊರಸೆಳೆಯಬಹುದು. ಕಿರಿದಾದ ಕಡೆ ಆಂಜಿಯೋಪ್ಲಾಸ್ಟಿ ಮಾಡಿ, ಅಗತ್ಯವಿದ್ದರೆ ಸ್ಟೆಂಟ್ ಇರಿಸುತ್ತಾರೆ. ಅದೂ ಸಾಧ್ಯವಾಗದಿದ್ದರೆ ಇನ್ನೊಂದು ಕಾಲಿನ ಅಥವಾ ತೋಳಿನ ಅಭಿಧಮನಿಯಿಂದ ಮರಳಿ ಬೈಪಾಸ್ ಮಾಡುವುದುಂಟು. ಯಾವುದು ಯಾರಿಗೆ ಹೊಂದುವುದೆಂಬುದನ್ನು ಡಾಪ್ಲರ್ ಮತ್ತು ಆಂಜಿಯೋಗ್ರಾಂ ನೋಡಿ ರಕ್ತನಾಳ ತಜ್ಞರೇ ನಿರ್ಧರಿಸಬೇಕು. ಆರ್.ಟಿ. ನಗರದವರಿಗೆ ಸಮೀಪದ ವಸಂತನಗರದಲ್ಲಿ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಿದ್ದು, ಅಲ್ಲಿ ರಕ್ತನಾಳ ಚಿಕಿತ್ಸೆಗೇ ಮೀಸಲಾದ ವಿಭಾಗವಿದೆ.

ಇಲ್ಲಿ ಕಾಲವೇ ನಿರ್ಣಾಯಕ. ಕಾಲು ಹಠಾತ್ತನೆ ತಣ್ಣಗಾಗಿ, ಬಿಳಿಚಿಕೊಂಡು, ತೀವ್ರ ನೋವು ಬಂದರೆ, ಸ್ಪರ್ಶ ತಿಳಿಯದಾದರೆ, ಬೆರಳು ಆಡಿಸಲಾಗದಿದ್ದರೆ ತಕ್ಷಣ ಆಸ್ಪತ್ರೆ ಸೇರಬೇಕು. ರಕ್ತ ಪೂರ್ಣವಾಗಿ ನಿಂತರೆ ಸುಮಾರು 6 ಗಂಟೆಗಳಲ್ಲಿ ಸ್ನಾಯುಗಳು ಶಾಶ್ವತವಾಗಿ ಹಾನಿಗೊಳ್ಳತೊಡಗುತ್ತವೆ; ಜೀವಕೋಶಗಳು ಸತ್ತ ಮೇಲೆ ಕಾಲು ತೆಗೆಯದೆ ಪ್ರಾಣ ಉಳಿಸಲಾಗದ ಸ್ಥಿತಿ ಬರಬಹುದು. ಬಿಸಿನೀರಿನ ಶಾಖ, ಎಣ್ಣೆ ತಿಕ್ಕುವುದು ಬೇಡ. ಸ್ಪರ್ಶಜ್ಞಾನವಿಲ್ಲದ ಚರ್ಮ ಸುಟ್ಟರೂ ತಿಳಿಯದು.

ಮಕ್ಕಳಿಗೇಕೆ ತೊಂದರೆಯೆಂದು ಹಿರಿಯರು ನೋವನ್ನು ನುಂಗಿಕೊಳ್ಳುವುದನ್ನು ನಾವು ಕಾಣುತ್ತೇವೆ. ಆದ್ದರಿಂದ ಮನೆಯವರೇ ದಿನವೂ ಅವರ ಪಾದಗಳನ್ನು ನೋಡಲಿ. ನಡೆಯುವಾಗ ಮೀನಖಂಡ ಹಿಡಿದುಕೊಳ್ಳುವುದು, ಮಾಯದ ಹುಣ್ಣು, ರಾತ್ರಿ ಕಾಲನ್ನು ಮಂಚದಿಂದ ಕೆಳಗಿಳಿಬಿಟ್ಟರಷ್ಟೇ ತಗ್ಗುವ ನೋವು, ಇವು ಮುನ್ಸೂಚನೆಗಳು. ಬೈಪಾಸ್ ಆದವರು ಎಲೆಅಡಿಕೆಯೊಡನೆ ಹೊಗೆಸೊಪ್ಪನ್ನೂ ಬೀಡಿ ಸಿಗರೇಟನ್ನೂ ಪೂರ್ಣ ತ್ಯಜಿಸಲಿ, ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸದಿರಲಿ, ನಿಗದಿತ ತಪಾಸಣೆ ತಪ್ಪಿಸದಿರಲಿ. ಜಾತ್ರೆ, ಪಾದಯಾತ್ರೆಗಳಲ್ಲಿ ಅವರು ಬರಿಗಾಲಲ್ಲಿ ನಡೆಯುವುದು ತರವಲ್ಲ. ಪಾದರಕ್ಷೆ ಧರಿಸಿದ ಮಾತ್ರಕ್ಕೆ ಭಕ್ತಿ ಕುಂದದು. ದೇಹವನ್ನೇ ದೇಗುಲವೆಂದು ನಂಬಿದ ನಮಗೆ ಕಾಲುಗಳೇ ಅದರ ಕಂಬಗಳು. ಅವುಗಳ ಆರೈಕೆಯೂ ಪೂಜೆಯೇ.