ಗಾಳಿಯೊಡನೆ ಸಾಗುವ ಮಣ್ಣಿನ ಲೆಕ್ಕ

ಬೇಸಗೆಯ ಗಾಳಿಗೆ ಹೊಲದಿಂದೇಳುವ ಧೂಳು ಎಲ್ಲಿಗೆ ಹೋಗುವುದೆಂದು ವಿಚಾರಿಸುವವರು ವಿರಳ. ಅಟ್ಲಾಂಟಿಕ್ ಸಾಗರದ ಬಾರ್ಬಡೋಸ್ ದ್ವೀಪದಲ್ಲಿ ಜೋಸೆಫ್ ಪ್ರಾಸ್ಪೆರೋ ಎಂಬ ವಿಜ್ಞಾನಿಗಳು ಇಂತಹ ಧೂಳನ್ನು ಅಳೆಯುವ ಕಾರ್ಯವನ್ನು 1965ನೆಯ ಇಸವಿಯಲ್ಲಿ ಆರಂಭಿಸಿದರು.

ಅಲ್ಲಿನ ಪೂರ್ವ ಕರಾವಳಿಯಲ್ಲಿ ಒಂದು ಗೋಪುರವುಂಟು. ಗಾಳಿಯು ಸಮುದ್ರದ ಕಡೆಯಿಂದ ಬೀಸುವಾಗ ಮಾತ್ರ ಅದನ್ನು ಪಂಪಿನಿಂದ ಸೋಸುಕಾಗದದ ಮೂಲಕ ಎಳೆಯುತ್ತಾರೆ. ದ್ವೀಪದ ಧೂಳು ಬೆರೆಯದಿರಲೆಂದೇ ಈ ಏರ್ಪಾಡು. ಕಾಗದವನ್ನು ನೀರಿನಲ್ಲಿ ತೊಳೆದರೆ ಕಡಲುಪ್ಪು ಕರಗುತ್ತದೆ. ಆ ನೀರಿನಲ್ಲಿಯೇ ಸಲ್ಫೇಟು, ನೈಟ್ರೇಟುಗಳನ್ನೂ ಪರೀಕ್ಷಿಸುತ್ತಾರೆ. ತರುವಾಯ ಕಾಗದವನ್ನು ಸುಮಾರು 500 ಡಿಗ್ರಿ ಸೆಂಟಿಗ್ರೇಡು ಉಷ್ಣದಲ್ಲಿ ಸುಟ್ಟು ಬೂದಿಯನ್ನು ತೂಗಿದರೆ ಮಣ್ಣಿನ ಪ್ರಮಾಣವು ತಿಳಿಯುತ್ತದೆ.

ಆ ಮಣ್ಣು ಆಫ್ರಿಕಾಖಂಡದ್ದೆಂದು ಸಿದ್ಧಪಟ್ಟಿದೆ. ಅದು ಸಹಾರಾ ಮರುಭೂಮಿಯಿಂದಲೂ ಅದರ ದಕ್ಷಿಣದ ಸಾಹೆಲ್ ಸೀಮೆಯಿಂದಲೂ ಎದ್ದು, ಸುಮಾರು ಒಂದು ವಾರದಲ್ಲಿ ಸಾಗರವನ್ನು ದಾಟುತ್ತದೆ. 1970 ಮತ್ತು 1980ರ ದಶಕಗಳಲ್ಲಿ ಸಾಹೆಲಿನಲ್ಲಿ ಅನಾವೃಷ್ಟಿಯುಂಟಾದಾಗ ಬಾರ್ಬಡೋಸಿನ ಕಾಗದಗಳಲ್ಲಿ ಧೂಳು ಬಹಳವಾಗಿ ಹೆಚ್ಚಿತು.

ಗಾಳಿಯು ದೂರ ಒಯ್ಯುವುದು ನುಣ್ಣನೆಯ ಕಣಗಳನ್ನು; ಬೆಳೆಗೆ ಬೇಕಾದ ಸಾರವು ಹೆಚ್ಚಾಗಿರುವುದೂ ಅವುಗಳಲ್ಲಿಯೇ. ಹೋದ ಮಣ್ಣನ್ನು ಗಾಳಿಯು ಹಿಂದಕ್ಕೆ ತರಲಾರದು. ಆದಕಾರಣ ಕೂಳೆಯನ್ನು ಸುಡದೆ ಹೊಲದಲ್ಲಿಯೇ ಬಿಡತಕ್ಕದ್ದು. ಬದುಗಳ ಮೇಲೆ ಗಾಳಿಗೆ ಅಡ್ಡಲಾಗಿ ಮರಗಳನ್ನು ಬೆಳೆಸತಕ್ಕದ್ದು. ಗ್ರಾಮದ ಮುಖ್ಯಸ್ಥರೂ ಭೂಮಾಲೀಕರೂ ಮೊದಲು ಹೀಗೆ ನಡೆದ ಪಕ್ಷದಲ್ಲಿ ಉಳಿದ ರೈತರೂ ಅನುಸರಿಸುವರು.