ಧನಿಕರ ಮೇಲಣ ತೆರಿಗೆಯೂ ಸಾರ್ವಜನಿಕ ಸೇವೆಯೂ

ಶಾಲೆ, ಆಸ್ಪತ್ರೆ, ಕುಡಿಯುವ ನೀರು ಮೊದಲಾದವು ಎಲ್ಲರಿಗೂ ಬೇಕಾದವು. ಅವುಗಳ ವೆಚ್ಚವನ್ನು ಭರಿಸುವ ಶಕ್ತಿ ಮಾತ್ರ ಎಲ್ಲರಲ್ಲಿಯೂ ಸಮನಾಗಿಲ್ಲ. ಆದುದರಿಂದಲೇ ಹೆಚ್ಚು ಉಳ್ಳವನು ಹೆಚ್ಚಿನ ಪಾಲನ್ನು ಸಲ್ಲಿಸಬೇಕೆಂಬ ತತ್ತ್ವ ಪ್ರಚಾರಕ್ಕೆ ಬಂದಿತು. ಸಂಪತ್ತು ಕೆಲವರಲ್ಲಿಯೇ ಸಂಚಯವಾಗಿ ಜನಹಿತಕ್ಕೆ ಬಾಧಕವಾಗಬಾರದೆಂದು ನಮ್ಮ ಸಂವಿಧಾನದ 39ನೆಯ ವಿಧಿಯೂ ನಿರ್ದೇಶಿಸುತ್ತದೆ. ಆದರೆ ತತ್ತ್ವವನ್ನು ಒಪ್ಪಿದ ಮಾತ್ರಕ್ಕೆ ಕಾರ್ಯ ಸಿದ್ಧಿಸದು. ತೆರಿಗೆಯನ್ನು ಯಾವುದರ ಮೇಲೆ ವಿಧಿಸಬೇಕು, ಬಂದ ಹಣ ಎಲ್ಲಿಗೆ ಸೇರಬೇಕು ಎಂಬ ಎರಡು ಪ್ರಶ್ನೆಗಳು ಉಳಿಯುತ್ತವೆ. ಸ್ವತಂತ್ರ ಭಾರತದ ಅನುಭವ ಇವೆರಡಕ್ಕೂ ಉತ್ತರ ನೀಡಬಲ್ಲುದು.

ಮೃತರ ಆಸ್ತಿಯ ಮೇಲಣ ಎಸ್ಟೇಟ್ ಡ್ಯೂಟಿ 1953ರಲ್ಲಿ ಜಾರಿಗೆ ಬಂದಿತು. ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ನಿಕೊಲಾಸ್ ಕಾಲ್ಡೋರರು 1956ರಲ್ಲಿ ಸಲ್ಲಿಸಿದ ವರದಿಯಲ್ಲಿ, ಆದಾಯ ತೆರಿಗೆಯ ಪರಮಾವಧಿ ದರವನ್ನು ಶೇಕಡಾ 45ಕ್ಕೆ ಇಳಿಸಿ, ಸಂಪತ್ತು, ವೆಚ್ಚ, ದಾನಗಳ ಮೇಲೆಯೂ ತೆರಿಗೆ ಹಾಕಬೇಕೆಂದು ಸೂಚಿಸಿದರು. ದರ ಮಿತವಾಗಿರಲಿ, ತೆರಿಗೆಯ ಬುನಾದಿ ವಿಶಾಲವಾಗಿರಲಿ ಎಂಬುದೇ ಅದರ ಮರ್ಮ. ಸರ್ಕಾರ 1957-58ರಲ್ಲಿ ಹೊಸ ತೆರಿಗೆಗಳನ್ನು ಸ್ವೀಕರಿಸಿತು. ದರದ ಮಾತನ್ನು ಸ್ವೀಕರಿಸಲಿಲ್ಲ. 1973-74ರ ವೇಳೆಗೆ ಸರ್‌ಚಾರ್ಜೂ ಸೇರಿ ಅತ್ಯುನ್ನತ ದರ ಶೇಕಡಾ 97.75ನ್ನು ಮುಟ್ಟಿತು. ಇಂತಹ ದರವೇ ತೆರಿಗೆಗಳ್ಳತನಕ್ಕೆ ಪ್ರಮುಖ ಕಾರಣವೆಂದು ವಾಂಛೂ ಸಮಿತಿ ಅದಕ್ಕೆ ಮೊದಲೇ ಎಚ್ಚರಿಸಿತ್ತು. ಮರುವರ್ಷವೇ ದರ ಶೇಕಡಾ 77ಕ್ಕೆ ಇಳಿಯಿತು.

ಆಸ್ತಿಯ ಮೇಲಣ ತೆರಿಗೆಗಳು ವಿನಾಯಿತಿಗಳಿಂದ ಬಡವಾದವು. ಎಸ್ಟೇಟ್ ಡ್ಯೂಟಿಯಿಂದ ಬರುತ್ತಿದ್ದುದು ಸುಮಾರು 20 ಕೋಟಿ ರೂಪಾಯಿ ಮಾತ್ರವೆಂಬ ಕಾರಣ ನೀಡಿ 1985ರಲ್ಲಿ ಅದನ್ನು ರದ್ದುಗೊಳಿಸಲಾಯಿತು. 1993ರಿಂದ ಕಂಪನಿ ಷೇರುಗಳು ಸಂಪತ್ತು ತೆರಿಗೆಯಿಂದ ಹೊರಗುಳಿದವು. ಅಂದರೆ ದೊಡ್ಡ ಧನಿಕರ ಸಂಪತ್ತಿನ ಮುಖ್ಯ ಭಾಗವೇ ಕೈಬಿಟ್ಟಿತು. 2013-14ರಲ್ಲಿ ದೊರೆತುದು ಸುಮಾರು ಒಂದು ಸಾವಿರ ಕೋಟಿ ರೂಪಾಯಿ. 2015ರಲ್ಲಿ ಈ ತೆರಿಗೆಯೂ ಅಳಿಯಿತು. ಅದರ ಬದಲಿಗೆ ಕೋಟಿ ರೂಪಾಯಿ ಮೀರಿದ ಆದಾಯಕ್ಕೆ ಶೇಕಡಾ 2ರ ಹೆಚ್ಚುವರಿ ಸರ್‌ಚಾರ್ಜ್ ಬಂದಿತು. ವಸೂಲಿಯ ದೃಷ್ಟಿಯಿಂದ ಇದು ಸುಲಭವಾದ ಮಾರ್ಗವೇ ಸರಿ.

ಎರಡನೆಯ ಪ್ರಶ್ನೆ ಏಳುವುದು ಇಲ್ಲಿಯೇ. ಎಸ್ಟೇಟ್ ಡ್ಯೂಟಿಯನ್ನು ಕೇಂದ್ರ ಸರ್ಕಾರ ವಸೂಲು ಮಾಡುತ್ತಿದ್ದರೂ ಅದರ ನಿವ್ವಳ ಉತ್ಪತ್ತಿ ರಾಜ್ಯಗಳಿಗೆ ಸಲ್ಲುತ್ತಿತ್ತು. ಸರ್‌ಚಾರ್ಜಾದರೋ 271ನೆಯ ವಿಧಿಯಂತೆ ಕೇಂದ್ರದ ಸ್ವತ್ತು. ರಾಜ್ಯಗಳಿಗೆ ಅದರಲ್ಲಿ ಪಾಲಿಲ್ಲ. ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ನೀರು ಸರಬರಾಜುಗಳು ರಾಜ್ಯಪಟ್ಟಿಗೆ ಸೇರಿದ ವಿಷಯಗಳೆಂಬುದನ್ನು ಇಲ್ಲಿ ನೆನೆಯಬೇಕು. ಧನಿಕನು ಹೆಚ್ಚು ತೆತ್ತರೂ ಆ ಹಣ ಊರಿನ ಆಸ್ಪತ್ರೆಯನ್ನು ತಾನಾಗಿಯೇ ತಲಪದು.

ಆದುದರಿಂದ ದರದ ಅಂಕೆಯೊಂದನ್ನೇ ಹಿಡಿದು ವಾದಿಸುವುದು ಅಪೂರ್ಣ. ವಿನಾಯಿತಿಗಳು ಮಿತವಾಗಿರಬೇಕು, ಸಂಪತ್ತಿನ ಮುಖ್ಯ ರೂಪಗಳು ಲೆಕ್ಕದೊಳಗೆ ಬರಬೇಕು, ಬಂದುದರಲ್ಲಿ ಸೇವೆ ನಡೆಸುವ ಸರ್ಕಾರಕ್ಕೆ ನ್ಯಾಯವಾದ ಪಾಲು ಸಲ್ಲಬೇಕು. ಈ ಮೂರೂ ಕೂಡಿದಾಗಲೇ ಉಳ್ಳವರಿಂದ ಪಡೆದ ತೆರಿಗೆ ಇಲ್ಲದವರಿಗೆ ಸೇವೆಯಾಗಿ ಪರಿಣಮಿಸುತ್ತದೆ.